ಹಳೆಯ ಟ್ರ್ಯಾಕ್ಟರಿಗೆ ಬಣ್ಣ: ಮೊದಲು ತುಕ್ಕು ತೆಗೆಯಿರಿ

ಬಳಸಿದ ಟ್ರ್ಯಾಕ್ಟರನ್ನು ಕೊಂಡ ರೈತರು ಮಡ್‌ಗಾರ್ಡಿನಲ್ಲಿ ಬಣ್ಣ ಗುಳ್ಳೆಯೆದ್ದಿದ್ದರೆ ಅದರಡಿ ತುಕ್ಕಿದೆ ಎಂದೇ ತಿಳಿಯಬೇಕು. ಅದರ ಮೇಲೆಯೇ ಬಳಿದ ಬಣ್ಣ ನಿಲ್ಲದು. ನನ್ನ ಮೊದಲ ಪ್ರಯತ್ನ ಒಂದೇ ಮಳೆಗಾಲದಲ್ಲಿ ಹಪ್ಪಳದಂತೆ ಎದ್ದು ಬಂತು.

ರಸಗೊಬ್ಬರದ ಪುಡಿ ತೇವ ಹೀರಿ ತುಕ್ಕನ್ನು ಹೆಚ್ಚಿಸುವುದರಿಂದ ಮೊದಲು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿರಿ. ತಂತಿ ಬ್ರಷ್ಷಿನಿಂದ, ನಂತರ 80ನೇ ನಂಬರಿನ ಎಮರಿ ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿರಿ. ಉಳಿದ ಬಣ್ಣದ ಅಂಚನ್ನು 220ನೇ ನಂಬರಿನಿಂದ, ಬೆರಳಿಗೆ ಏಣು ತಗಲದಂತೆ ಸವೆಸಬೇಕು. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಮುಖಗವಸು ಧರಿಸಿ, ಮಕ್ಕಳನ್ನು ದೂರವಿಡಿರಿ.

ಥಿನ್ನರಿನಿಂದ ಒರೆಸಿ, ಅದೇ ದಿನ ರೆಡ್ ಆಕ್ಸೈಡ್ ಪ್ರೈಮರ್ ಬಳಿಯಿರಿ. ಇಬ್ಬನಿಗೆ ಬಿಟ್ಟ ಬರಿಯ ಕಬ್ಬಿಣ ಬೆಳಗಾಗುವಷ್ಟರಲ್ಲಿ ಮತ್ತೆ ಕೆಂಪಾಗಬಹುದು. ಪೂರ್ತಿ ಒಣಗಿದ ಮೇಲೆ ಎನಾಮೆಲ್ ಬಣ್ಣವನ್ನು ಒಂದು ದಿನದ ಅಂತರದಲ್ಲಿ ಎರಡು ಸಲ ತೆಳುವಾಗಿ ಕೊಡಿರಿ. ತೇಪೆ ಎದ್ದು ಕಾಣಬಹುದು; ಹಳೆಯ ಬಣ್ಣ ಬಿಸಿಲಿಗೆ ಮಾಸಿರುತ್ತದೆ.