ಸಿಸ್ಟರ್ ಕೆಲಸ ಬಿಟ್ಟದ್ದೇಕೆ?

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನರ್ಸಿಂಗ್ ಮುಗಿಸಿ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿದಾಗ ಮನೆಯವರೆಲ್ಲ ಸಂತೋಷಪಟ್ಟಿದ್ದರು. ಎರಡೇ ವರ್ಷದಲ್ಲಿ ಅವಳು ಕೆಲಸ ಬಿಟ್ಟಳು. "ರೋಗಿಗಳ ಸೇವೆ ಬೇಸರವಾಗಿರಲಿಲ್ಲ ಸರ್. ರಾತ್ರಿ ಪಾಳಿ ಮುಗಿದರೂ ಬದಲಿಗೆ ಯಾರೂ ಬರುತ್ತಿರಲಿಲ್ಲ. ಮಗುವಿಗೆ ಜ್ವರ ಬಂದ ದಿನವೂ ರಜೆ ಸಿಗಲಿಲ್ಲ" ಎಂದಳು.

ಸಮಸ್ಯೆಯ ಮೂಲ ಇಲ್ಲೇ ಇದೆ. ಒಬ್ಬಳು ಬಿಟ್ಟರೆ ಅವಳ ಭಾರ ಉಳಿದವರ ಹೆಗಲಿಗೆ ಬೀಳುತ್ತದೆ. ದಣಿದವರಲ್ಲಿ ಇನ್ನೊಬ್ಬಳು ಬಿಡುತ್ತಾಳೆ. ಹೊಸಬಳು ವಾರ್ಡಿನ ಕೆಲಸಕ್ಕೆ ಪಳಗುವವರೆಗೆ ತೊಂದರೆ ರೋಗಿಗೆ. ಅಂದರೆ ನಮಗೇ, ನಮ್ಮ ತಾಯಿ ತಂದೆಯರಿಗೇ.

ಮೊದಲ ಕಾರಣ ಸಂಬಳ. ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ಸ್ಥಿತಿ ಪರಿಶೀಲಿಸಲು ಸಮಿತಿ ರಚಿಸುವಂತೆ 2016ರಲ್ಲಿ ಸುಪ್ರೀಂ ಕೋರ್ಟ್ ಕೇಂದ್ರ ಸರಕಾರಕ್ಕೆ ಸೂಚಿಸಿತು. 200ಕ್ಕಿಂತ ಹೆಚ್ಚು ಹಾಸಿಗೆಗಳಿರುವ ಆಸ್ಪತ್ರೆಗಳು ಸರಕಾರಿ ನರ್ಸ್‌ಗಳಷ್ಟೇ ಸಂಬಳ ಕೊಡಬೇಕು, ಚಿಕ್ಕ ಆಸ್ಪತ್ರೆಗಳಲ್ಲೂ ಅದು ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆಯಾಗಬಾರದು ಎಂದು ಆ ಸಮಿತಿ ಹೇಳಿತು. ಆದರೆ ಶಿಫಾರಸು ತಾನಾಗಿ ಕಾನೂನಾಗುವುದಿಲ್ಲ. ನೆರೆಯ ಕೇರಳದಲ್ಲಿ ನರ್ಸ್‌ಗಳು ಬೀದಿಗಿಳಿದು ಹೋರಾಡಿದ ಬಳಿಕವೇ, 2018ರಲ್ಲಿ, 20,000 ರೂಪಾಯಿ ಕನಿಷ್ಠ ಮೂಲ ವೇತನದ ಆದೇಶ ಹೊರಬಿತ್ತು.

ಆದರೆ ಸಂಬಳವೊಂದೇ ಕಾರಣವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ವರದಿಯ ಪ್ರಕಾರ ಜಗತ್ತಿನ ನರ್ಸ್‌ಗಳಲ್ಲಿ ಸುಮಾರು ಶೇ. 90 ಮಂದಿ ಮಹಿಳೆಯರು. ಅವರಿಗೆ ಆಸ್ಪತ್ರೆಯ ಪಾಳಿ ಮುಗಿದೊಡನೆ ಮನೆಯ ಪಾಳಿ ಆರಂಭ. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು 2017ರಲ್ಲೇ ಹೆರಿಗೆ ಸೌಲಭ್ಯ ಕಾನೂನಿಗೆ ತಿದ್ದುಪಡಿಯಾಗಿದೆ. ಕೆಲಸಕ್ಕೆ ಸೇರುವಾಗಲೇ ಅದರ ಬಗ್ಗೆ ಕೇಳಬೇಕು. ಪಾಳಿಯ ಪಟ್ಟಿ ಮುಂಚಿತವಾಗಿ ಸಿಗುವುದೇ, ರಾತ್ರಿ ವಾಹನವಿದೆಯೇ ಎಂದೂ ಕೇಳಬೇಕು.

ಸಹೋದರಿಯರೇ, ನಮ್ಮ ಪಾಲೂ ಇದೆ. ಭೇಟಿಯ ಸಮಯ ಮೀರಿ ರೋಗಿಯ ಮಂಚದ ಸುತ್ತ ಗುಂಪುಗೂಡಿ, ಹೊರಗೆ ಹೋಗಿ ಎಂದ ಸಿಸ್ಟರನ್ನೇ ಗದರಿಸುವವರು ನಾವಲ್ಲವೇ? ರಾತ್ರಿಯಿಡೀ ದುಡಿದು ಬಂದ ಸೊಸೆ ಹಗಲು ಮಲಗಿದರೆ ಸೋಮಾರಿ ಎನ್ನುವವರೂ ನಮ್ಮಲ್ಲೇ ಇದ್ದಾರೆ.

ಆ ವಿದ್ಯಾರ್ಥಿನಿ ಈಗ ಬೇರೊಂದು ಆಸ್ಪತ್ರೆಯಲ್ಲಿದ್ದಾಳೆ. ಸಂಬಳ ತುಸು ಕಡಿಮೆ. ಆದರೆ ಪಾಳಿ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ. ಮನೆಯಲ್ಲಿ ಮಗುವನ್ನು ಅತ್ತೆ ನೋಡಿಕೊಳ್ಳುತ್ತಾರೆ. "ಬೆಳಿಗ್ಗೆ ಬಂದು ಮಲಗಿದರೆ ಅತ್ತೆಯೇ ಬಾಗಿಲು ಮುಚ್ಚುತ್ತಾರೆ ಸರ್" ಎಂದಾಗ ಅವಳ ಮುಖದಲ್ಲಿ ನಗುವಿತ್ತು.