ಭೂತಾಯಿಗೂ ಸಲ್ಲಲಿ ದಾಸೋಹ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸೀಮೆಯ ನಮ್ಮ ಹಿರಿಯರು ತಿಪ್ಪೆಯನ್ನು ಮನೆಯ ಸಂಪತ್ತೆಂದೇ ಎಣಿಸುತ್ತಿದ್ದರು. ಸಗಣಿ, ಕಸಕಡ್ಡಿ, ಬೂದಿಗಳೆಲ್ಲ ಕೊಳೆತು ಗೊಬ್ಬರವಾಗಿ ಎರೆಹೊಲವನ್ನು ಸೇರುತ್ತಿದ್ದವು. ಕಲಬುರಗಿಯ ಮಹಾದಾಸೋಹಿ ಶರಣಬಸವೇಶ್ವರರು ದಾಸೋಹ ನಡೆಸಿದ್ದು ಇಂತಹ ಒಕ್ಕಲುತನದ ಕಾಯಕದಿಂದಲೇ. ಭೂಮಿಯಿಂದ ಪಡೆದುದನ್ನು ಭೂಮಿಗೆ ಮರಳಿಸುವುದು ಅವರೆಲ್ಲರಿಗೂ ಸಹಜಧರ್ಮವಾಗಿತ್ತು.

ಇಂದು ಮನೆಮನೆಗೆ ಶೌಚಾಲಯಗಳು ಬಂದಿರುವುದು ಸಂತೋಷದ ಸಂಗತಿ. ಆದರೆ ಗುಂಡಿ ತುಂಬಿದ ಮೇಲೆ ಟ್ಯಾಂಕರಿನವರು ಹೀರಿ ಒಯ್ಯುವ ಕೆಸರು ಎಲ್ಲಿಗೆ ಹೋಗಬೇಕು? ಹಳ್ಳಕ್ಕೆ ಸುರಿದರೆ ಅದು ಕಾಗಿಣಾ, ಮುಲ್ಲಾಮಾರಿ ನದಿಗಳ ನೀರನ್ನು ಕೆಡಿಸುವುದು. ಹಸಿಯಾಗಿಯೇ ಹೊಲಕ್ಕೆ ಹಾಕಿದರೆ ಜಂತುಹುಳುಗಳ ತತ್ತಿಗಳು ಮಣ್ಣಿನಲ್ಲಿ ಬಹುಕಾಲ ಉಳಿದು ನಮ್ಮ ಮಕ್ಕಳ ಹೊಟ್ಟೆಯನ್ನು ಸೇರುವವು.

ಇದಕ್ಕೆ ನಮ್ಮ ನಾಡಿನದೇ ಆದ ದೇವನಹಳ್ಳಿ ದಾರಿ ತೋರಿದೆ. ಅಲ್ಲಿ 2015ರಲ್ಲಿ ಸಿ.ಡಿ.ಡಿ. ಸೊಸೈಟಿಯ ನೆರವಿನಿಂದ ದಿನಕ್ಕೆ 6 ಸಾವಿರ ಲೀಟರ್ ಸಾಮರ್ಥ್ಯದ ಸಂಸ್ಕರಣಾ ಘಟಕ ಸ್ಥಾಪನೆಯಾಯಿತು. ಗುಂಡಿಗಳ ಕೆಸರನ್ನು ನೀರಿನಿಂದ ಬೇರ್ಪಡಿಸಿ, ಹಾಸುಗಳ ಮೇಲೆ ಒಣಗಿಸಿ, ಪಟ್ಟಣದ ಹಸಿಕಸದೊಡನೆ ಬೆರೆಸಿ ಗೊಬ್ಬರ ಮಾಡುವ ಕ್ರಮವದು.

ಕೆಸರಿನಲ್ಲಿ ಸಾರಜನಕ ಹೆಚ್ಚು. ಒಣಸಸ್ಯಗಳಲ್ಲಿ ಇಂಗಾಲ ಹೆಚ್ಚು. ಸಾರಜನಕದ 1 ಪಾಲಿಗೆ ಇಂಗಾಲ 25ರಿಂದ 30 ಪಾಲಿರುವಂತೆ ಎರಡನ್ನೂ ಬೆರೆಸಿದರೆ ರಾಶಿ ಚೆನ್ನಾಗಿ ಕಳಿಯುತ್ತದೆ. ತೊಗರಿಯ ಕಣಜವಾದ ನಮ್ಮ ಸೀಮೆಯಲ್ಲಿ ಒಣಸಸ್ಯಕ್ಕೆ ಕೊರತೆಯೆಲ್ಲಿ? ಒಲೆಗೆ ಬೇಕಾದಷ್ಟು ಇಟ್ಟುಕೊಂಡು, ಉಳಿದ ತೊಗರಿ ಕಟ್ಟಿಗೆಯನ್ನು ಸುಡದೆ ಸಣ್ಣದಾಗಿ ಕತ್ತರಿಸಿ ಬಳಸಬಹುದು.

ಆದರೆ ಕಳಿತರಷ್ಟೇ ಸಾಲದು, ಕಾವೇರಬೇಕು. ರಾಶಿಯ ಒಳಗಿನ ಶಾಖ 15 ದಿನಗಳಾದರೂ 55 ಡಿಗ್ರಿಗಿಂತ ಕಡಿಮೆಯಾಗಬಾರದು. ಆ ಅವಧಿಯಲ್ಲಿ 5 ಬಾರಿ ಮಗುಚಿ ಹಾಕಬೇಕೆಂಬುದು ಅಮೆರಿಕದ ನಿಯಮ. ರೋಗಾಣುಗಳೂ ತತ್ತಿಗಳೂ ಸಾಯುವುದು ಈ ಕಾವಿನಿಂದಲೇ. ಅನಂತರವೂ ಕೆಲವು ವಾರ ಮಾಗಿಸಿ, ಪ್ರಯೋಗಾಲಯದಲ್ಲಿ ಪರೀಕ್ಷಿಸಿಯೇ ಹೊಲಕ್ಕೆ ಕೊಡಬೇಕು. ಕಾರ್ಖಾನೆಗಳ ತ್ಯಾಜ್ಯ ಮಾತ್ರ ಇದರಲ್ಲಿ ಬೆರೆಯಕೂಡದು. ಅದರಲ್ಲಿರಬಹುದಾದ ಭಾರಲೋಹಗಳನ್ನು ಯಾವ ಕಾವೂ ಕಳೆಯಲಾರದು. ಆದ್ದರಿಂದ ಇದು ಹಿತ್ತಲಿನಲ್ಲಿ ಮಾಡುವ ಕೆಲಸವಲ್ಲ, ಊರಾಡಳಿತವು ತಜ್ಞರಿಂದ ನಡೆಸಬೇಕಾದ ಕೆಲಸ.

ಹಾಗಾದರೆ ನಮ್ಮ ಪಾಲಿನ ಕರ್ತವ್ಯವೇನು? ಪ್ಲಾಸ್ಟಿಕ್ಕು, ಬಟ್ಟೆಗಳನ್ನು ಶೌಚಗುಂಡಿಗೆ ಹಾಕದಿರೋಣ. ಹಸಿಕಸ, ಒಣಕಸಗಳನ್ನು ಬೇರೆಯಾಗಿಯೇ ಕೊಡೋಣ. ಇಂತಹ ಘಟಕ ನಮ್ಮ ಊರಿಗೂ ಬೇಕೆಂದು ಊರಾಡಳಿತವನ್ನು ಕೇಳೋಣ. ಎಲ್ಲಕ್ಕೂ ಮಿಗಿಲಾಗಿ, ಯಂತ್ರ ಮಾಡಬೇಕಾದ ಕೆಲಸಕ್ಕೆ ಮನುಷ್ಯನನ್ನು ಗುಂಡಿಗೆ ಇಳಿಸದಿರೋಣ. 2013ರ ಕಾಯಿದೆ ಅದನ್ನು ನಿಷೇಧಿಸಿದೆ. ಕಾಯಕದಲ್ಲಿ ಮೇಲುಕೀಳಿಲ್ಲವೆಂದ ಬಸವಾದಿ ಶರಣರ ಮಕ್ಕಳಾದ ನಮಗೆ ಕಾಯಿದೆಯ ಭಯಕ್ಕಿಂತ ಅಂತರಂಗದ ನಾಚಿಕೆಯೇ ಮೊದಲು ತಡೆಯಾಗಬೇಕು.

ಹಸಿದವರಿಗೆ ಅನ್ನವಿಕ್ಕುವುದು ದಾಸೋಹ. ಆ ಅನ್ನ ಕೊಟ್ಟ ಮಣ್ಣಿನ ಹಸಿವನ್ನು ತಣಿಸುವುದೂ ದಾಸೋಹವೇ ಅಲ್ಲವೇ?