ಅಟ್ಟದ ಮೇಲಿನ ಸೀಸೆಗಳು

ಹಾರೋಹಳ್ಳಿ ಸುತ್ತಿನ ಊರುಗಳಲ್ಲಿ ಹಳೆಯ ಬ್ರಾಂದಿ, ವಿಸ್ಕಿ ಬಾಟ್ಲಿ ಹುಡುಕುವವರು ಹೆಂಡದಂಗಡಿಯನ್ನು ಮರೆತು ಹಳೇ ಮನೆಯ ಅಟ್ಟ ಹತ್ತಬೇಕು. ಅಲ್ಲಿ ಅದು ಹರಳೆಣ್ಣೆ ತುಂಬಿಕೊಂಡು, ಜೇನುತುಪ್ಪದ ಜಿಗುಟು ಹಿಡಿದು ಕೂತಿರುತ್ತದೆ. ಮುಚ್ಚಳಕ್ಕೆ ತೂತು ಕೊರೆದು ಬತ್ತಿ ಇಳಿಸಿದರೆ ಸೀಮೆಎಣ್ಣೆ ಬುಡ್ಡಿ. ಹನಿ ಮದ್ಯ ಮುಟ್ಟದವರ ಮನೆಯಲ್ಲೂ ದಪ್ಪ ಗಾಜಿನ ಸೀಸೆಗೆ ಜಾಗವಿತ್ತು.

ಹೀಗೆ ಉಳಿದವೂ ಕಡಿಮೆಯೇ. ಈ ಸೀಮೆಯ ಕುಡಿತಕ್ಕೆ ಗಾಜಿನ ಹಂಗು ಅಷ್ಟಾಗಿ ಇರಲಿಲ್ಲ. ಈಚಲ ಹೆಂಡ ಮಡಕೆಯಲ್ಲಿ, ಬುರುಡೆಯಲ್ಲಿ ಬಂತು. ಸಾರಾಯಿ ಕೊನೆಕೊನೆಗೆ ಪ್ಲಾಸ್ಟಿಕ್ ಪ್ಯಾಕೆಟ್ಟಿಗೆ ಇಳಿದು, 2007ರ ಜುಲೈ 1ರಂದು ನಿಷೇಧವಾಯಿತು. ಈಗ ಅಗ್ಗದ ಮದ್ಯಕ್ಕೆ ಟೆಟ್ರಾ ಪ್ಯಾಕ್. ಹಳೆಯ ಗಾಜಿನ ಮೂಲ ಕೇಳಿದರೆ ಮಾತು 1809ರಲ್ಲಿ ನೆಲೆಗೊಂಡ ಬೆಂಗಳೂರು ದಂಡಿಗೇ ಹೋಗುತ್ತದೆ. ಅಲ್ಲಿನ ಸಿಪಾಯಿಗಳಿಗೂ ಬಿಯರು ಮೊದಮೊದಲು ದೊಡ್ಡ ಪೀಪಾಯಿಗಳಲ್ಲೇ, ಎತ್ತಿನ ಗಾಡಿ ಮೇಲೆ ಹೋಗುತ್ತಿತ್ತು. 1915ರಲ್ಲಿ ಥಾಮಸ್ ಲೀಷ್‌ಮನ್ ದಕ್ಷಿಣದ ಐದು ಬ್ರೂವರಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಅದರ ಬ್ರೂವರಿ ಇದ್ದ ಗ್ರಾಂಟ್ ರಸ್ತೆ ಇಂದು ವಿಠಲ್ ಮಲ್ಯ ರಸ್ತೆ, ಆ ಜಾಗದಲ್ಲಿ ಯುಬಿ ಸಿಟಿ. ಗೋಡೆ ಹೋಯಿತು, ಕೊಳಗ ಹೋಯಿತು. ಆ ಕಾಲದ ಒಂದು ಬಾಟ್ಲಿ ಸಿಕ್ಕರೆ ಅದು ಸಾಕ್ಷಿ.

ವಯಸ್ಸು ಹೇಳುವುದು ಗಾಜೇ, ಲೇಬಲ್ಲಲ್ಲ. ಬದಿಯಲ್ಲಿರುವ ಅಚ್ಚಿನ ಗೆರೆಯ ಮೇಲೆ ಉಗುರು ಎಳೆಯಿರಿ. ಅದು ಬಾಯಿಯ ಅಂಚು ದಾಟಿ ಮೇಲೆ ಬಂದಿದ್ದರೆ ಯಂತ್ರದ ಮಾಲು, ಅಂದರೆ ಬಹುಪಾಲು ಅಮೆರಿಕದ ಮೈಕೇಲ್ ಓವೆನ್ಸ್ 1903ರ ಹೊತ್ತಿಗೆ ಸ್ವಯಂಚಾಲಿತ ಯಂತ್ರ ರೂಪಿಸಿದ ನಂತರದ್ದು. ಕತ್ತಿನಲ್ಲೇ ಮಾಯವಾಗಿದ್ದರೆ ಬಾಯನ್ನು ಕೈಯಿಂದ ತಿದ್ದಿದ್ದಾರೆ. ತಳದಲ್ಲಿ, ಬಾಟ್ಲಿ ಹಿಡಿದಿದ್ದ ಸರಳನ್ನು ಮುರಿದು ತೆಗೆದ ಒರಟು ಗಾಯವಿದ್ದರೆ ಇನ್ನೂ ಹಳೆಯದು. ಗಾಜಿನೊಳಗೆ ಸಿಕ್ಕಿಬಿದ್ದ ಗುಳ್ಳೆ, ಒಂದು ಕಡೆ ವಾಲಿದ ಕತ್ತು, ಮರಳಿನ ಕಬ್ಬಿಣದಂಶದಿಂದ ಹುಟ್ಟಿದ ಕಡುಹಸಿರು ಇವು ಊದುಗಾರನ ಉಸಿರಿನ ಗುರುತುಗಳು. ಇವನ್ನು ದೋಷ ಎನ್ನುವವರ ಜೊತೆ ನಾನು ವಾದಕ್ಕೆ ನಿಲ್ಲುತ್ತೇನೆ.

ವ್ಯಾಪಾರದ ಲೆಕ್ಕ ಬೇರೆ. ಗುಜರಿಯವನಿಗೆ ಎಲ್ಲವೂ ತೂಕ. ಒಡೆದು ಪುಡಿಯಾದರೆ ಕುಲುಮೆಗೆ. ಖಾಲಿ ಬಾಟ್ಲಿಯ ವ್ಯಾಪಾರವೇನೂ ಸಣ್ಣದಲ್ಲ: ಮುಂಬಯಿಯ ಜಮ್‌ಶೇಟ್‌ಜಿ ಜೀಜೀಭಾಯ್ ಮಹಾ ದಾನಿಯಾಗುವ ಮೊದಲು ಈ ಕಸುಬಿನಲ್ಲೇ ಇದ್ದು, ಬಾಟ್ಲಿವಾಲ ಎನಿಸಿಕೊಂಡಿದ್ದ. ಬೆಂಗಳೂರಿನ ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ ಇವತ್ತಿಗೂ ಚೌಕಾಸಿ ನಡೆಯುತ್ತದೆ. ಅಲ್ಲಿ ಎಚ್ಚರ ಬೇಕು. ವಿದೇಶಿ ಸ್ಕಾಚ್‌ನ ಹೊಸ ಖಾಲಿ ಬಾಟ್ಲಿಗೆ ಯಾರಾದರೂ ಅಸಾಧ್ಯ ಬೆಲೆ ಕೊಡುತ್ತೇನೆಂದರೆ, ಅದು ಷೋಕೇಸಿಗೆ ಹೋಗುವ ಬದಲು ನಕಲಿ ಮದ್ಯ ತುಂಬುವ ಕೈಗೆ ಹೋಗುವ ಸಾಧ್ಯತೆಯೇ ಹೆಚ್ಚು. ಕೊಡಬೇಡಿ. ಸೀಲ್ ಒಡೆಯದ ತುಂಬಿದ ಬಾಟ್ಲಿಯನ್ನು ಲೈಸೆನ್ಸ್ ಇಲ್ಲದೆ ಮಾರುವುದು ಅಬಕಾರಿ ಅಪರಾಧ. ನೂರು ವರ್ಷ ದಾಟಿ ಚರಿತ್ರೆಯ ಮಹತ್ವ ಪಡೆದ ವಸ್ತುವಿಗೆ 1972ರ ಪುರಾವಸ್ತು ಕಾಯಿದೆ ಅನ್ವಯಿಸುತ್ತದೆ. ಅಂಥದ್ದನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ.

ನನಗೆ ನಿಜಕ್ಕೂ ನೋವಾಗುವುದು ಬಾಟ್ಲಿ ತೊಳೆಯುವುದನ್ನು ನೋಡಿದಾಗ. ಆಸಿಡ್ ಹಾಕಿ ಫಳಫಳ ಹೊಳೆಸಿದರೆ ಎಣ್ಣೆಯ ಜಿಡ್ಡು, ಹರಿದ ಲೇಬಲ್ಲು, ಬತ್ತಿಯ ಮಸಿ ಎಲ್ಲ ಹೋಗಿ, ಯಾವ ಊರಿನದೂ ಅಲ್ಲದ ಬರಿ ಗಾಜು ಉಳಿಯುತ್ತದೆ. ಮಣ್ಣು ಹೋಗಲು ಬರಿ ನೀರು, ಮೆತ್ತನೆ ಬಟ್ಟೆ ಸಾಕು. ರಾಮನಗರದ ಜಾನಪದ ಲೋಕದಲ್ಲಿ ಎಚ್.ಎಲ್. ನಾಗೇಗೌಡರು ಹಳ್ಳಿಯ ಪಾತ್ರೆಪರಡಿಗಳಿಗೆ ವಸ್ತುಸಂಗ್ರಹಾಲಯದ ಮರ್ಯಾದೆ ಕೊಟ್ಟರು. ಬಾಟ್ಲಿಗೂ ಆ ಮರ್ಯಾದೆ ಸಲ್ಲಬೇಕು. ಹಾಗಾಗಿ ಕೊಳ್ಳುವ ಹೊತ್ತಿನಲ್ಲೇ ಒಂದು ಚೀಟಿ ಬರೆದು ಕತ್ತಿಗೆ ಕಟ್ಟಿ: ಯಾವ ಊರು, ಅಟ್ಟವೋ ತಿಪ್ಪೆಯೋ, ಮನೆಯ ಅಜ್ಜಿ ಅದರಲ್ಲಿ ಏನು ಇಡುತ್ತಿದ್ದರು.